ಕೆಂಡವೋ, ಕೌದಿಯೋ?

ಕಟಕೋಳ, ರಾಮದುರ್ಗ, ಸವದತ್ತಿಗಳ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಾಗಿಯ ಚಳಿ ಇಲ್ಲಿಯವರಿಗೆ ಹೊಸದಲ್ಲ. ಮಳೆಗಾಲ ಮುಗಿದು ಬಾನು ತಿಳಿಯಾದ ಮೇಲೆ, ನೆಲವು ಹಗಲಿನಲ್ಲಿ ಪಡೆದ ಶಾಖವನ್ನು ರಾತ್ರಿಯಲ್ಲಿ ವಿಕಿರಣದ ಮೂಲಕ ಕಳೆದುಕೊಳ್ಳುತ್ತದೆ. ಅದನ್ನು ತಡೆಯಲು ಮೋಡವಿಲ್ಲ, ಗಾಳಿಯಲ್ಲಿ ನೀರಾವಿಯೂ ಕಡಿಮೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶವು 10 ಡಿಗ್ರಿ ಸೆಲ್ಸಿಯಸ್ಸಿಗೆ ಅಥವಾ ಅದಕ್ಕಿಂತ ಕೆಳಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾದರೆ ಹವಾಮಾನ ಇಲಾಖೆಯು ಅದನ್ನು ಶೀತಗಾಳಿಯೆಂದು ಗಣಿಸುತ್ತದೆ.

ಇಂಥ ರಾತ್ರಿಗಳಲ್ಲಿ ಮಲಗುವ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ಪದ್ಧತಿಯನ್ನು ನಾವು ಇನ್ನಾದರೂ ಬಿಡಬೇಕು. 2025ರ ನವೆಂಬರಿನಲ್ಲಿ ಬೆಳಗಾವಿ ನಗರದ ಒಂದು ಕೋಣೆಯಲ್ಲಿ ಚಳಿಗೆಂದು ಇದ್ದಿಲು ಹೊತ್ತಿಸಿಕೊಂಡು ಮಲಗಿದ ಮೂವರು ತರುಣರು ಮತ್ತೆ ಏಳಲಿಲ್ಲ. ಅವರು ನಮ್ಮ ಓದುಗರಿಗಿಂತ ಬಹಳ ಹಿರಿಯರೇನೂ ಅಲ್ಲ.

ಹೊಗೆ ಅಡಗಿ ಕೆಂಡವಾದ ಮೇಲೆ ಭಯವಿಲ್ಲವೆಂಬ ನಂಬಿಕೆ ಬಲವಾಗಿದೆ. ಅದು ತಪ್ಪು. ಗಾಳಿ ಸಾಲದೆಡೆಯಲ್ಲಿ ಇದ್ದಿಲು ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡನ್ನು ಹೊರಬಿಡುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಎಚ್ಚರವಿದ್ದವನಿಗೆ ತಲೆನೋವು, ತಲೆಸುತ್ತುಗಳು ಸೂಚನೆ ಕೊಡುತ್ತವೆ. ನಿದ್ರಿಸುವವನಿಗೆ ಅದೂ ಇಲ್ಲ.

ನಮ್ಮ ಹಿರಿಯರು ಕೆಂಡಕ್ಕೆ ಮೈ ಕಾಯಿಸಿಕೊಳ್ಳಲಿಲ್ಲವೇ ಎಂದು ಕೇಳಬಹುದು. ಕಾಯಿಸಿಕೊಂಡರು ನಿಜ. ಆದರೆ ಅವರ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿಯಿತ್ತು. ಬಿಸಿಗಾಳಿ ಹಗುರವಾಗಿ ಮೇಲೇರಿ ಅಲ್ಲಿಂದ ಹೊರಹೋಗುತ್ತಿತ್ತು. ಬಾಗಿಲ ಸಂದಿನಿಂದ ಹೊಸ ಗಾಳಿ ಬರುತ್ತಿತ್ತು. ಹಾಗೆಂದು ಆ ಮನೆಗಳು ಪೂರ್ಣ ನಿರಪಾಯವಾಗಿದ್ದುವೆಂದಲ್ಲ. ಆದರೆ ಇಂದಿನ ಕಾಂಕ್ರೀಟು ಕೋಣೆಯಲ್ಲಿ ಕಿಟಕಿ ಮುಚ್ಚಿದರೆ ಅಷ್ಟು ದಾರಿಯೂ ಉಳಿಯುವುದಿಲ್ಲ. ಮನೆ ಬದಲಾಯಿತು, ಅಗ್ಗಿಷ್ಟಿಕೆ ಮಾತ್ರ ಹಾಗೆಯೇ ಉಳಿಯಿತು.

ವಾಸ್ತವವಾಗಿ ನಾವು ಕಾಯಿಸಬೇಕಾದದ್ದು ಕೋಣೆಯನ್ನಲ್ಲ, ಕಾಯಬೇಕಾದದ್ದು ಮೈಯ ಶಾಖವನ್ನು. ನಿದ್ರಿಸುವ ವಯಸ್ಕನ ದೇಹವೂ ಸುಮಾರು 70ರಿಂದ 80 ವ್ಯಾಟಿನಷ್ಟು ಶಾಖವನ್ನು ಎಡೆಬಿಡದೆ ಉತ್ಪಾದಿಸುತ್ತದೆ. ಅದು ಸೋರಿಹೋಗದಂತೆ ನೋಡಿಕೊಂಡರೆ ಸಾಕು. ಹಳೆಯ ಸೀರೆಗಳನ್ನು ಪದರಪದರವಾಗಿಟ್ಟು ಹೊಲಿದ ಕೌದಿ, ಕುರಿಯ ಉಣ್ಣೆಯ ಕಂಬಳಿ ಇವೆರಡೂ ತಮ್ಮೊಳಗೆ ನಿಶ್ಚಲವಾದ ಗಾಳಿಯನ್ನು ಹಿಡಿದಿಡುತ್ತವೆ. ಅಂಥ ಗಾಳಿ ಶಾಖದ ಅತಿ ಮಂದವಾಹಕ. ಹೊದೆಯುವಷ್ಟೇ ಹಾಸುವುದೂ ಮುಖ್ಯ. ಹಾಸುಗಲ್ಲಿನ ನೆಲವು ಶಾಖವನ್ನು ವಹನದಿಂದ ಬೇಗನೆ ಸೆಳೆದುಕೊಳ್ಳುತ್ತದೆ. ಮುದುಕರಿಗೂ ಕೂಸುಗಳಿಗೂ ಈ ಎಚ್ಚರಿಕೆ ಇನ್ನಷ್ಟು ಅಗತ್ಯ.

ಬೆಂಕಿ ಬೇಕೇ ಬೇಕೆಂದರೆ ಅದು ಅಂಗಳದಲ್ಲಿರಲಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಳಿ ಯಾರಿಗಾದರೂ ತಲೆ ಸುತ್ತಿದರೆ ತಕ್ಷಣ ಬಯಲಿಗೆ ಕರೆತಂದು ಆಸ್ಪತ್ರೆಗೆ ಒಯ್ಯಬೇಕು.

ಅಪೂರ್ಣ ದಹನದ ಸಮೀಕರಣವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಈ ಮಾಗಿಯಲ್ಲಿ ಮಲಗುವ ಮೊದಲು ಮನೆಯ ಅಗ್ಗಿಷ್ಟಿಕೆಯನ್ನು ಎತ್ತಿ ಹೊರಗಿಟ್ಟು, ಅದೇಕೆಂಬುದನ್ನು ಅಜ್ಜಿಗೆ ತಿಳಿಯುವಂತೆ ಹೇಳಿದರೆ, ಆ ಸಮೀಕರಣ ಕಲಿತದ್ದು ಸಾರ್ಥಕವಾದೀತು.