ಗಂಟು ಒಂದೇ, ದರ ಎರಡು

ಸೊಲ್ಲಾಪುರದಿಂದ ವಾಡಿ ಕಡೆಗೆ ಹೋಗುವ ರೈಲಿನಲ್ಲಿ ದುಧನಿ ದಾಟಿದರೆ ಮಹಾರಾಷ್ಟ್ರ ಮುಗಿಯಿತು. ಕಿಟಕಿಯಾಚೆ ಅದು ಗೊತ್ತಾಗುವುದಿಲ್ಲ. ಅದೇ ಕರಿ ನೆಲ, ಅದೇ ತೊಗರಿ, ಬದುವಿನ ಮೇಲೆ ಅದೇ ಕನ್ನಡ. ಆದರೆ 2022ರಲ್ಲಿ ಚರ್ಮಗಂಟು ರೋಗಕ್ಕೆ ಹಸು ಸತ್ತಾಗ ಅಕ್ಕಲಕೋಟೆ ಕಡೆಯ ರೈತನಿಗೆ ಘೋಷಣೆಯಾದ ಪರಿಹಾರ 30 ಸಾವಿರ ರೂಪಾಯಿ, ಆಳಂದ–ಅಫಜಲಪುರ ಕಡೆಯವನಿಗೆ 20 ಸಾವಿರ. ಎತ್ತು ಸತ್ತರೆ ಲೆಕ್ಕ ತಿರುಗುಮುರುಗು: ಅಲ್ಲಿ 25 ಸಾವಿರ, ಇಲ್ಲಿ 30. ಕರುವಿನ ಲೆಕ್ಕವಂತೂ ಯಾವ ತಕ್ಕಡಿಗೂ ಸಿಗದು. ಮಹಾರಾಷ್ಟ್ರದಲ್ಲಿ 16 ಸಾವಿರ, ಕರ್ನಾಟಕದಲ್ಲಿ 5 ಸಾವಿರ. ಈ ರೋಗದಲ್ಲಿ ಹೆಚ್ಚು ನಲುಗುವುದು ಕರುವೇ ಎಂಬುದನ್ನು ದನ ಕಟ್ಟಿದವರೆಲ್ಲ ಬಲ್ಲರು.

ಅದೇ ವರ್ಷದ ನವೆಂಬರ್‌ನಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಯಾರಿಗೆ ಸೇರಬೇಕು ಎಂದು ಎರಡೂ ರಾಜ್ಯಗಳ ಮುಖಂಡರು ಮಾತಿಗೆ ಮಾತು ಬೆಳೆಸಿದ್ದರು. ಗಡಿ ವಿವಾದದ ಕುರಿತ 1967ರ ಮಹಾಜನ ವರದಿಯನ್ನು ಮತ್ತೆ ದೂಳು ಕೊಡವಿ ತೆಗೆಯಲಾಯಿತು. ಬಸ್ಸುಗಳಿಗೆ ಮಸಿ ಬಿತ್ತು. ಆ ಗದ್ದಲದಲ್ಲಿ ಗಡಿಯ ದನಗಳ ಮೈಮೇಲೆ ಎದ್ದಿದ್ದ ಗಂಟುಗಳ ಬಗ್ಗೆ ಇಬ್ಬರೂ ಕೂತು ಮಾತಾಡಿದ್ದು ನನ್ನ ಕಿವಿಗಂತೂ ಬೀಳಲಿಲ್ಲ. ನೆಲಕ್ಕಾಗಿ ಜಗಳ ಆಡುವವರು ಆ ನೆಲದ ಮೇಲೆ ಮೇಯುವ ದನಕ್ಕಾಗಿ ಒಂದು ಜಂಟಿ ಸಭೆಯನ್ನಾದರೂ ಮಾಡಬಹುದಿತ್ತು.

ರೋಗದ ದಾರಿಯನ್ನು ನೋಡಿದರೆ ಸಭೆ ಯಾಕೆ ಬೇಕಿತ್ತು ಎಂಬುದು ತಿಳಿಯುತ್ತದೆ. 1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಕಂಡ ಈ ಕಾಯಿಲೆ ಭಾರತಕ್ಕೆ ಬಂದದ್ದು 2019ರಲ್ಲಿ, ಒಡಿಶಾದ ಮೂಲಕ. 2022ರಲ್ಲಿ ಗುಜರಾತ್, ರಾಜಸ್ಥಾನಗಳನ್ನು ಉರುಳಿಸಿ ಆಗಸ್ಟ್ ಹೊತ್ತಿಗೆ ಮಹಾರಾಷ್ಟ್ರದ ಜಳಗಾಂವ್‌ ಮುಟ್ಟಿತು. ಆ ಒಂದೇ ವರ್ಷ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನ ಸತ್ತವು. ವೈರಸ್ಸು ತಾನಾಗಿ ನಡೆಯುವುದಿಲ್ಲ. ಕಚ್ಚುವ ನೊಣ, ಸೊಳ್ಳೆ, ಉಣ್ಣಿ ಅದನ್ನು ಹೊತ್ತು ತಿರುಗುತ್ತವೆ. ದೂರದ ಊರಿಗೆ ಮುಟ್ಟಿಸುವುದು ಮಾತ್ರ ಮನುಷ್ಯ, ಟೆಂಪೋದಲ್ಲಿ ಹೇರಿದ ದನದ ಜೊತೆಗೆ.

ಉಣ್ಣಿಯ ಮಾತು ಇಲ್ಲೇ ಬರಬೇಕು. ಗಂಟು ರೋಗ ಸುದ್ದಿಯಾಗುತ್ತದೆ, ಉಣ್ಣಿ ಆಗುವುದಿಲ್ಲ. ಹಾಲು ಹಿಂಡಲು ಕೂತ ಹೆಣ್ಣುಮಗಳು ಆಕಳ ಕೆಚ್ಚಲ ಸಂದಿಗೆ, ಬಾಲದ ಬುಡಕ್ಕೆ, ಗಂಗೆದೊಗಲಿನ ಮಡಿಕೆಗೆ ಬೆರಳಾಡಿಸಿ ಒಂದೊಂದನ್ನೇ ಕಿತ್ತು ಕೆಂಡಕ್ಕೋ ಸೀಮೆಎಣ್ಣೆ ಡಬ್ಬಿಗೋ ಹಾಕುವುದು ಈ ಭಾಗದ ದಿನದ ಕೆಲಸ. ರಕ್ತ ಕುಡಿದು ಹರಳಿನ ಬೀಜದಂತೆ ಊದಿದ ಹೆಣ್ಣು ಉಣ್ಣಿಯಷ್ಟೇ ಅವಳ ಬೆರಳಿಗೆ ಸಿಗುವುದು. ಸಿಗದೆ ಉದುರಿದ್ದು ಕೊಟ್ಟಿಗೆಯ ಗೋಡೆಬಿರುಕಿನಲ್ಲಿ, ಗೋದಲಿಯ ಕಲ್ಲಿನ ಅಡಿಯಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಮರಿಗಳು ದನ ಸಿಗುವ ತನಕ ತಿಂಗಳುಗಟ್ಟಲೆ ಉಪವಾಸ ಕಾಯಬಲ್ಲವು. ನಾವು ಔಷಧ ಸಿಂಪಡಿಸುವುದು ದನದ ಮೈಗೆ. ವೈರಿಯ ದೊಡ್ಡ ಪಾಲು ಇರುವುದು ಗೋಡೆಯಲ್ಲಿ.

ಇನ್ನು ಔಷಧದ ಕಥೆ. ಅಂಗಡಿಯವ ಕೊಟ್ಟ ಸೈಪರ್‌ಮೆಥ್ರಿನ್ ಬಾಟಲಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸುತ್ತೇವೆ. ತೆಳುವಾದರೆ ಉಣ್ಣಿ ಸಾಯದೆ ಒಗ್ಗಿಕೊಳ್ಳುತ್ತದೆ. ದಪ್ಪವಾದರೆ ದನ ನೆಕ್ಕಿ ಜೊಲ್ಲು ಸುರಿಸುತ್ತದೆ. ವರ್ಷಗಟ್ಟಲೆ ಅದೇ ಔಷಧ ಹೊಡೆದು ದೇಶದ ಹಲವೆಡೆ ಉಣ್ಣಿಗಳು ಅದಕ್ಕೆ ಜಗ್ಗದಂತಾಗಿವೆ. ಎಚ್ಎಫ್, ಜರ್ಸಿ ಮಿಶ್ರತಳಿಗಳ ಮೈ ಇವಕ್ಕೆ ಖಿಲಾರಿ ಮೈಗಿಂತ ಸಲೀಸು. ಥೈಲೇರಿಯಾ ಜ್ವರ, ಕೆಂಪು ಮೂತ್ರದ ಬಬೇಸಿಯಾ ಬರುವುದೂ ಇದೇ ಉಣ್ಣಿಯಿಂದಲೇ. ಗಂಟು ರೋಗಕ್ಕೆ ಪಂಢರಪುರಿ ಎಮ್ಮೆಗಳು ಆಕಳುಗಳಷ್ಟು ಬಲಿಯಾಗಲಿಲ್ಲ ಎನ್ನುವುದೊಂದೇ ಸೊಲ್ಲಾಪುರ ಜಿಲ್ಲೆಗೆ ಸಿಕ್ಕ ಸಮಾಧಾನ.

ಹಾಗಾಗಿ ಒಬ್ಬ ರೈತ ತನ್ನ ಕೊಟ್ಟಿಗೆಯನ್ನು ಎಷ್ಟೇ ಸುಣ್ಣ ಬಳಿದು ಇಟ್ಟುಕೊಂಡರೂ ಪಕ್ಕದವನ ತಿಪ್ಪೆಯ ನೊಣವನ್ನು ತಡೆಯಲಾರ. ಊರಿಗೆ ಊರೇ ಒಮ್ಮೆಲೇ ಮಾಡಬೇಕಾದ ಕೆಲಸ ಇದು. ಗಡಿಯಲ್ಲಿ ಊರು ಎಂದರೆ ಎರಡು ರಾಜ್ಯ. ಅಕ್ಟೋಬರ್ ಬಂತೆಂದರೆ ಕಬ್ಬು ಕಡಿಯುವ ಗ್ಯಾಂಗುಗಳು ಜೋಡೆತ್ತಿನ ಗಾಡಿಯೊಂದಿಗೆ ಹೊರಡುತ್ತವೆ. ಸೊಲ್ಲಾಪುರದ ಕಾರ್ಖಾನೆಗಳಿಗೂ ವಿಜಯಪುರದ ಕಾರ್ಖಾನೆಗಳಿಗೂ ಎತ್ತು ಬೇಕು. ಅವು ತಿಂಗಳುಗಟ್ಟಲೆ ಬಯಲಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಜನವರಿಯಲ್ಲಿ ಸಂಕ್ರಾಂತಿಗೆ ಸೊಲ್ಲಾಪುರದಲ್ಲೂ ಸಿದ್ಧೇಶ್ವರ ಜಾತ್ರೆ, ವಿಜಯಪುರದಲ್ಲೂ ಸಿದ್ಧೇಶ್ವರ ಜಾತ್ರೆ. ಎರಡಕ್ಕೂ ದನದ ಬಜಾರು ಅಂಟಿಕೊಂಡೇ ಬಂದಿದೆ. ಸಿದ್ಧರಾಮ ಕಟ್ಟಿದ ಸೊಲ್ಲಾಪುರದ ಹೋರಿ ಭೀಮೆ ದಾಟಿ ಇಂಡಿ, ಚಡಚಣಕ್ಕೆ ಬರುವುದು ಹೊಸತೇನಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಇಡೀ ರಾಜ್ಯವನ್ನು ನಿಯಂತ್ರಿತ ಪ್ರದೇಶವೆಂದು ಸಾರಿ ದನದ ಸಂತೆ, ಸಾಗಾಟ ನಿಲ್ಲಿಸಿತು. ಕರ್ನಾಟಕದ ಜಿಲ್ಲಾಡಳಿತಗಳೂ ಸಂತೆ, ಜಾತ್ರೆಗಳಿಗೆ ತಡೆ ಹಾಕಿದವು. ಎರಡೂ ಸರಿಯಾದ ಕ್ರಮವೇ. ಆದರೆ ಒಂದು ಕಡೆ ಸಂತೆ ಮುಚ್ಚಿ ಇನ್ನೊಂದು ಕಡೆ ಎರಡು ವಾರ ತಡವಾದರೂ ದಲ್ಲಾಳಿಗೆ ಅಷ್ಟು ಸಾಕು. ಪಶುಸಂಗೋಪನೆ ರಾಜ್ಯದ ವಿಷಯ ಎಂಬ ಉತ್ತರ ಇಲ್ಲಿ ನಿಲ್ಲದು. ಜಾನುವಾರುಗಳ ಸಾಂಕ್ರಾಮಿಕ ತಡೆಗೆ 2009ರಲ್ಲಿ ಬಂದದ್ದು ಕೇಂದ್ರದ ಕಾಯ್ದೆ. ದನದ ಕಿವಿಗೆ ಚುಚ್ಚುವ 12 ಅಂಕಿಯ ಹಳದಿ ಓಲೆಯೂ ದೇಶಕ್ಕೆಲ್ಲ ಒಂದೇ. ಕಾಯ್ದೆ ಒಂದು, ಓಲೆ ಒಂದು, ಆಗ ಹಾಕಿದ ಲಸಿಕೆಯೂ ಒಂದೇ ಬಗೆಯ ಮೇಕೆ ಸಿಡುಬಿನ ಲಸಿಕೆ. ಬೇರೆಯಾಗಿದ್ದುದು ದಿನಾಂಕ ಮತ್ತು ದರ.

ಭಾಷೆಯೂ ಬೇರೆ. ಅಕ್ಕಲಕೋಟೆಯ ರೈತನಿಗೆ ಮರಾಠಿ ಬರುತ್ತದೆ, ನಿಜ. ಕಚೇರಿ, ಬ್ಯಾಂಕು ಅವನು ಮರಾಠಿಯಲ್ಲೇ ನಿಭಾಯಿಸುತ್ತಾನೆ. ಆದರೆ ದನದ ಜೊತೆಗಿನ ಮಾತು ಮನೆಯ ಮಾತು, ಅದನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು. ಅವರಿಗೆ ‘ಗೋಚೀಡ’ಕ್ಕಿಂತ ‘ಉಣ್ಣಿ’ ಬೇಗ ತಲುಪುತ್ತದೆ. ಔಷಧವನ್ನು ಒಂದು ಲೀಟರಿಗೆ ಎಷ್ಟು ಮಿಲಿ ಬೆರೆಸಬೇಕು, ಬಿರುಕಿಗೆ ಹೇಗೆ ಹೊಡೆಯಬೇಕು, ಹೊಡೆದ ಮೇಲೆ ಎಷ್ಟು ದಿನದ ಹಾಲು ಮಾರಬಾರದು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಮಹಾಜನ ವರದಿ ಜಾರಿಯಾಗಬೇಕಿಲ್ಲ. ಕಲಬುರಗಿ, ವಿಜಯಪುರದ ಇಲಾಖೆಗಳು ಅಚ್ಚು ಹಾಕಿಸಿದ್ದನ್ನೇ ಸೊಲ್ಲಾಪುರಕ್ಕೆ ಒಂದು ಕಟ್ಟು ಕಳಿಸಿದರೆ ಸಾಕು.

2023ರಲ್ಲಿ ರೋಗ ಮಹಾರಾಷ್ಟ್ರಕ್ಕೆ ಮರಳಿ ಬಂತು. ಇನ್ನೊಮ್ಮೆ ಬಾರದು ಎನ್ನಲು ಯಾವ ಆಧಾರವೂ ಇಲ್ಲ. ಸೊಲ್ಲಾಪುರ, ಕಲಬುರಗಿ, ವಿಜಯಪುರದ ಪಶುಸಂಗೋಪನಾ ಅಧಿಕಾರಿಗಳು ಮುಂಗಾರಿಗೆ ಮುಂಚೆ ಒಂದು ದಿನ ಅಕ್ಕಲಕೋಟೆಯಲ್ಲಿ ಕೂತು ಗಡಿಯ ತಾಲ್ಲೂಕುಗಳಿಗೆ ಲಸಿಕೆಯ ಒಂದೇ ವಾರ, ಕೊಟ್ಟಿಗೆ ಸಿಂಪಡಣೆಯ ಒಂದೇ ವಾರ ಗೊತ್ತು ಮಾಡಲಿ. ಕರುವಿಗೆ 5 ಸಾವಿರ ಎಂಬ 2022ರ ಲೆಕ್ಕವನ್ನು ಬೆಂಗಳೂರು ತಿದ್ದಲಿ. ಮಳೆಗಾಲ ತಪ್ಪಿದರೆ ಜಾತ್ರೆಗಾದರೂ ಆಗಲಿ: ಲಸಿಕೆ ಹಾಕಿದ ದನಕ್ಕೆ ರೋಗ ತಡೆಯುವ ಶಕ್ತಿ ಬರಲು ಸುಮಾರು ಮೂರು ವಾರ ಬೇಕು, ಸಂಕ್ರಾಂತಿಯ ಬಜಾರಿಗೆ ಹೋಗುವ ಎತ್ತಿಗೆ ಡಿಸೆಂಬರ್ ಮೂರನೇ ವಾರದೊಳಗೆ ಸೂಜಿ ಬಿದ್ದಿರಬೇಕು.