ಕಡತವೋ ಫೈಲೋ

ವಿದ್ಯಾಶಾಲೆಯ ಕಚೇರಿಯಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಾಗಲಿ ದಿನವೂ ಕಿವಿಗೆ ಬೀಳುವ ಆಂಗ್ಲ ಶಬ್ದಗಳಲ್ಲಿ ‘ಫೈಲು’ ಅಗ್ರಗಣ್ಯವಾದುದು. ಫೈಲು ಸಿಕ್ಕಿತು, ಫೈಲು ಕಳೆಯಿತು, ಫೈಲು ಮೇಲಕ್ಕೆ ಹೋಗಿದೆ ಎಂಬ ಮಾತುಗಳನ್ನಾಡದೆ ನಿವೃತ್ತಿವೇತನ ಪಡೆದ ಅಧ್ಯಾಪಕರು ವಿರಳ. ಇದಕ್ಕೆ ‘ಕಡತ’ ಎಂಬ ಕನ್ನಡ ಶಬ್ದವುಂಟಲ್ಲ ಎಂದರೆ, ಅದು ಸರ್ಕಾರದವರು ಕೂಡಿಸಿ ತಯಾರಿಸಿದ ಮಾತು, ಜನರ ಬಾಯಿಗೆ ಹತ್ತದು ಎಂಬ ಉತ್ತರ ವಿದ್ಯಾವಂತರಿಂದಲೇ ಬರುತ್ತದೆ. 1963ರ ರಾಜ್ಯಭಾಷಾ ಅಧಿನಿಯಮದ ತರುವಾಯ ಬಳಕೆಗೆ ಬಂದ ಕೆಲವು ಪಾರಿಭಾಷಿಕ ಪದಗಳಿಗೆ ಈ ಆಕ್ಷೇಪ ಸಲ್ಲಬಹುದು; ಕಡತಕ್ಕೆ ಸಲ್ಲದು. ಅದರಲ್ಲಿಯೂ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಈ ಸೀಮೆಯವರು ಹಾಗೆನ್ನುವುದು ಸೋಜಿಗದ ಸಂಗತಿ.

ಮೊದಲು ಫೈಲಿನ ಅರ್ಥವನ್ನು ವಿಚಾರಿಸುವುದು ಯುಕ್ತ. ಲ್ಯಾಟಿನ್ ಭಾಷೆಯಲ್ಲಿ ‘ಫೀಲುಮ್’ ಎಂದರೆ ನೂಲು, ದಾರ. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಕಾಗದಪತ್ರಗಳನ್ನು ದಾರಕ್ಕೋ ತಂತಿಗೋ ಪೋಣಿಸಿಡುವ ಕ್ರಿಯೆಗೆ ಹೆಸರಾಯಿತು. ಅನಂತರ ಪೋಣಿಸಿಟ್ಟ ಪತ್ರಗಳಿಗೆ, ಕಡೆಗೆ ಅವುಗಳಿಗೆ ಹೊದಿಸುವ ರಟ್ಟಿಗೂ ಅದೇ ಹೆಸರು ನಿಂತಿತು. ಕಮ್ಮಾರನ ಅರವನ್ನೂ ಇಂಗ್ಲಿಷಿನಲ್ಲಿ ಫೈಲೆಂದೇ ಕರೆಯುವರಾದರೂ ಅದು ಬೇರೆ ಮೂಲದ ಪದ. ಹಳೆಯ ಕಾಲದ ಅಂಗಡಿಗಳಲ್ಲಿ ಗಲ್ಲೆಯ ಪಕ್ಕದ ಬಾಗಿದ ತಂತಿಗೆ ಚೀಟಿಗಳನ್ನು ಚುಚ್ಚಿಡುತ್ತಿದ್ದರಷ್ಟೆ. ಶಬ್ದಾರ್ಥವನ್ನು ಹಿಡಿದು ಹೇಳುವುದಾದರೆ ನಿಜವಾದ ಫೈಲು ಅದೇ. ಕಚೇರಿಯ ಫೈಲಿನಲ್ಲಿ ಆ ಮೂಲದ ದಾರವು ಟ್ಯಾಗಿನ ರೂಪದಲ್ಲಿ ಉಳಿದುಕೊಂಡಿದೆ.

ಕಡತದ ಮೂಲವಾದರೋ ದಾರವಲ್ಲ, ಬಟ್ಟೆ. ಹತ್ತಿಯ ಬಟ್ಟೆಯ ಉದ್ದನೆಯ ಪಟ್ಟಿಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬೆರೆಸಿ ಎರಡೂ ಮಗ್ಗುಲಿಗೆ ಬಳಿದು ಒಣಗಿಸುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿದರೆ ಪುಸ್ತಕದ ಆಕಾರ ಬರುತ್ತಿತ್ತು. ಆ ಕಪ್ಪು ಹಾಳೆಯ ಮೇಲೆ ಬಳಪದಿಂದ ಬರೆದರೆ ಬಿಳಿಯ ಅಕ್ಷರಗಳು ಮೂಡುತ್ತಿದ್ದವು. ಮಕ್ಕಳು ಪಾಟಿಯ ಮೇಲೆ ಬರೆಯುತ್ತಿದ್ದ ಅದೇ ಮೃದುಶಿಲೆಯ ಬಳಪವಿದು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ಅಳತೆಸಹಿತ ವರ್ಣಿಸಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ, ಎರಡು ತುದಿಗಳಿಗೂ ಬಣ್ಣ ಹಚ್ಚಿದ ಮರದ ಹಲಗೆ. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದೆಂಬುದನ್ನೂ ಆತ ಗಮನಿಸಿದ್ದಾನೆ.

ವಿಲ್ಕ್ಸನಿಗಿಂತ ಮುನ್ನೂರ ಅರವತ್ತಕ್ಕೂ ಹೆಚ್ಚು ವರ್ಷ ಹಿಂದೆ ಇದನ್ನು ಕಂಡವನು ತೈಮೂರನ ಮಗ ಶಾರುಖನ ರಾಯಭಾರಿ ಅಬ್ದುರ್ ರಜಾಕ್. ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ಆತ ವಿಜಯನಗರಕ್ಕೆ ಬಂದನು. ಇಲ್ಲಿಯವರ ಬರವಣಿಗೆ ಎರಡು ಬಗೆಯೆಂದು ಆತ ಹೇಳುತ್ತಾನೆ. ಒಂದು, ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಮತ್ತೊಂದು, ಬಿಳಿಯ ಹಾಳೆಯನ್ನು ಕಪ್ಪಾಗಿಸಿ ಲೇಖನಿಯಂತೆ ಕೊರೆದ ಮೆತ್ತನೆಯ ಕಲ್ಲಿನಿಂದ ಬರೆಯುವುದು. ಎರಡನೆಯದು ಬಹುಕಾಲ ಬಾಳುವುದೆಂದೂ ಅದಕ್ಕೆ ಇಲ್ಲಿ ಹೆಚ್ಚಿನ ಮನ್ನಣೆಯೆಂದೂ ಅವನ ಮಾತು. ಓಲೆಯ ಅಕ್ಷರಕ್ಕೆ ಬಣ್ಣವಿಲ್ಲ, ಬಾಳಿಕೆಯಿಲ್ಲ ಎಂಬ ಅವನ ತೀರ್ಪನ್ನು ಒಪ್ಪಬೇಕಾಗಿಲ್ಲ; ಕೊರೆದ ಅಕ್ಷರಕ್ಕೆ ಮಸಿ ತೀಡುವ ಪದ್ಧತಿಯನ್ನು ಆತ ಕಂಡಂತಿಲ್ಲ. ಅರಮನೆಯ ಬಳಿಯ ವಿಶಾಲವಾದ ದಿವಾನಖಾನೆಯನ್ನೂ, ಅದರ ಮುಂದೆ ಆಳೆತ್ತರಕ್ಕಿಂತ ಎತ್ತರದ ಜಗಲಿಯಲ್ಲಿ ದಾಖಲೆಗಳಿದ್ದುದನ್ನೂ, ಲಿಪಿಕಾರರು ಕುಳಿತಿದ್ದುದನ್ನೂ ಅವನೇ ಬರೆದಿದ್ದಾನೆ. ಹೊಸಪೇಟೆಯ ಗುಮಾಸ್ತನು ಕೃತಕವೆಂದು ಹಳಿಯುವ ಪದದ ಹಿಂದಿರುವ ವಸ್ತುವು ಅವನ ಕಚೇರಿಯಿಂದ ಮೂರು ಹರಿದಾರಿಯೊಳಗೆ ಆರು ಶತಮಾನಗಳಷ್ಟು ಹಿಂದೆಯೇ ರಾಜಮನ್ನಣೆ ಪಡೆದಿತ್ತು!

ಹಾಗೆಂದು ಪರಭಾಷಾಪದಗಳನ್ನೆಲ್ಲ ಹೊರದೂಡಬೇಕೆಂಬ ಹಠ ಸಾಧುವಲ್ಲ. ಕಾಗದ, ಶಾಯಿ, ದಪ್ತರ ಇವು ಪಾರಸಿಯಿಂದ ಬಂದವು. ಮರಾಠಾ ಘೋರ್ಪಡೆಯವರು 1949ರವರೆಗೆ ಆಳಿದ ಸಂಡೂರಿನಲ್ಲಿ ದಪ್ತರವೆಂಬುದು ಯಾರಿಗೂ ಅಪರಿಚಿತವಲ್ಲ. ಅದರ ಮೂಲವೋ, ಹದಮಾಡಿದ ಚರ್ಮವೆಂಬ ಅರ್ಥದ ಗ್ರೀಕ್ ಶಬ್ದ. ಪೆನ್ಸಿಲಿಗೆ ‘ಸೀಸದ ಕಡ್ಡಿ’ ಎಂದು ಹೆಸರಿಟ್ಟ ಪಂಡಿತರು ಅದರೊಳಗಿರುವುದು ಸೀಸವಲ್ಲ, ಗ್ರಾಫೈಟ್ ಎಂಬುದನ್ನು ಮರೆತರು. ಪೆನ್ಸಿಲು ಪೆನ್ಸಿಲಾಗಿಯೇ ಇರಲಿ; ಅದರ ಬದಲಿಗೆ ಇಡಬಹುದಾದ ಮಾತು ಕನ್ನಡದಲ್ಲಿ ಇರಲಿಲ್ಲ. ಫೈಲಿಗೆ ಇತ್ತು. ಇದ್ದುದನ್ನು ಕೈಬಿಟ್ಟು ತಂದುಕೊಳ್ಳುವುದು ಬೇರೆ, ಇಲ್ಲದುದನ್ನು ತಂದುಕೊಳ್ಳುವುದು ಬೇರೆ.

ಅಂದಿನ ಕಡತ ಬಟ್ಟೆಯದು, ಇಂದಿನದು ಕಾಗದದ್ದು, ಹೆಸರು ಹೇಗೆ ಹೊಂದೀತು ಎಂದು ಕೇಳುವವರಿದ್ದಾರೆ. ಗಣಕಯಂತ್ರದೊಳಗಿನ ಫೈಲಿನಲ್ಲಿ ದಾರವೆಲ್ಲಿದೆ? ಅಳಿಸಿ ಬರೆಯಬಹುದಾದ ಗುಣವನ್ನು ನೋಡಿದರೆ ಆ ಯಂತ್ರದ ದಾಖಲೆಗೆ ಫೈಲಿಗಿಂತ ಕಡತವೇ ಹತ್ತಿರದ ನಂಟು. ಶಾಲೆಯ ಕಚೇರಿಯಲ್ಲಿ ಒಂದು ವಿವೇಕವನ್ನು ಪಾಲಿಸಬಹುದು: ಅಂಗಡಿಯಲ್ಲಿ ಡಜನ್ನಿನ ಲೆಕ್ಕದಲ್ಲಿ ಕೊಳ್ಳುವ ರಟ್ಟಿನ ಹೊದಿಕೆಯನ್ನು ಫೈಲೆಂದೇ ಕರೆಯಲಿ, ಒಂದು ವಿಷಯದ ಮೇಲೆ ಆದ್ಯಂತವಾಗಿ ಬೆಳೆದುಬಂದ ಪತ್ರಸಮೂಹವನ್ನು ಕಡತವೆನ್ನಲಿ. ಆಗ ಎರಡೂ ಪದಗಳಿಗೆ ಕೆಲಸವಿರುತ್ತದೆ.

ಇದೆಲ್ಲಕ್ಕಿಂತ ಗುರುತರವಾದ ಸಂಗತಿ ಬೇರೊಂದಿದೆ. ಪದ ಉಳಿದರೂ ವಸ್ತು ಅಳಿಯುತ್ತಿದೆ. ಓಲೆಗ್ರಂಥಗಳಿಗೆ ದೇವರ ಜಗಲಿಯಲ್ಲಿ ಸ್ಥಾನ ದೊರೆತು ಪೂಜೆ ಸಂದಿತು, ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನದ ಓಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರಲು ಸಾಧ್ಯವಾದುದು ಆ ಭಕ್ತಿಯಿಂದಲೂ ಹೌದು. ಕಡತಕ್ಕೆ ಅಂಥ ಭಾಗ್ಯವಿಲ್ಲ. ಅದರಲ್ಲಿರುವುದು ಹೊಲ, ಕಂದಾಯ, ದವಸ, ಸಾಲಗಳ ಲೆಕ್ಕ, ಅದಕ್ಕೆ ಹೂವೇರಿಸುವವರಾರು? 1961ರ ಗ್ರಾಮಾಧಿಕಾರ ರದ್ದಿಯಾತಿಯ ಶಾಸನದ ಬಳಿಕ ಶಾನುಭೋಗಿಕೆ ವಂಶಪಾರಂಪರ್ಯವಾಗಿ ಉಳಿಯಲಿಲ್ಲ. ಮನೆಗಳ ಅಟ್ಟದ ಮೇಲಿದ್ದ ಹಳೆಯ ಲೆಕ್ಕಗಳಿಗೆ ಹೇಳುವವರು ಕೇಳುವವರು ಇಲ್ಲದಾಯಿತು. ಆದರೆ ಕಡತಗಳಿಂದ ಏನು ಹೊರಡಬಹುದೆಂಬುದಕ್ಕೆ ಶೃಂಗೇರಿ ಮಠದ ಕಡತಗಳೇ ಸಾಕ್ಷಿ. ಕರ್ನಲ್ ಮೆಕೆಂಜಿಯ ಸಿಬ್ಬಂದಿ ಎರಡು ಶತಮಾನಗಳ ಹಿಂದೆ ಊರೂರಿನ ಹಳೆಯ ಲೆಕ್ಕ, ಐತಿಹ್ಯಗಳನ್ನಾಧರಿಸಿ ಬರೆಸಿದ ಕೈಫಿಯತ್ತುಗಳನ್ನು ಹಂಪೆಯ ಕನ್ನಡ ವಿಶ್ವವಿದ್ಯಾಲಯವು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಪ್ರಕಟಿಸಿದುದನ್ನೂ ಇಲ್ಲಿ ನೆನೆಯಬಹುದು.

ಈ ಶಾಲೆಯಿಂದ ಹೊರಟ ವಿದ್ಯಾರ್ಥಿಗಳು ಕಂಪ್ಲಿಯ ಹೊಳೆಸಾಲಿನಿಂದ ಸಂಡೂರಿನ ಗುಡ್ಡಗಳವರೆಗೆ ಹರಡಿದ್ದಾರೆ. ಹಳೆಯ ಮನೆಯನ್ನು ಕೆಡವುವಾಗ ಅಟ್ಟದಲ್ಲಿ ಕರಿಯ ಬಟ್ಟೆಯ ಮಡಿಕೆಯೊಂದು ಸಿಕ್ಕಿದರೆ ಚಿಂದಿಯೆಂದು ಒಲೆಗೆ ಹಾಕದೆ ಬೆಳಕಿಗೆ ಹಿಡಿದು ನೋಡಬೇಕು. ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗ ದೂರವಿಲ್ಲ. ಅಲ್ಲಿಗೆ ಮುಟ್ಟಿಸುವವರೆಗೆ ಅದನ್ನು ಗೆದ್ದಲಿಗೆ ಎಟುಕದಂತೆ ಒಣಜಾಗದಲ್ಲಿಡಬೇಕು. ಧೂಳು ಕೂತಿದೆಯೆಂದು ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬಾರದು. ಬಳಪದ ಅಕ್ಷರ ಪಾಟಿಯ ಮೇಲಿನಂತೆಯೇ ಅಳಿಸಿಹೋಗುತ್ತದೆ.