ಆರೈಕೆ ಬೇಡದ ಮರ

ನಮ್ಮ ಶಾಲೆಯ ಕಾಂಪೌಂಡಿನುದ್ದಕ್ಕೂ ಕೋನೋಕಾರ್ಪಸ್ ಗಿಡ ನೆಡಿಸಿಕೊಡುತ್ತೇವೆಂದು ದಾನಿಗಳೊಬ್ಬರು ಬಂದಿದ್ದರು. "ಎರಡೇ ವರ್ಷ ಮೇಡಂ, ಹಸಿರು ಗೋಡೆ ಎದ್ದು ನಿಲ್ಲುತ್ತೆ. ಆರೈಕೆಯೇ ಬೇಡ" ಎಂದರು. ಬೇಡವೆಂದವಳು ನಾನೊಬ್ಬಳೇ. ಮರಕ್ಕೂ ತಕರಾರೇ ಎಂದು ಸಹೋದ್ಯೋಗಿಗಳು ನಕ್ಕರು.

ಆರೈಕೆ ಬೇಡವೆಂಬ ಮಾತನ್ನು ನಾನು ಮೊದಲು ಕೇಳಿದ್ದು ಹುಡುಗಿಯಾಗಿದ್ದಾಗ, ಕ್ಯಾಲನೂರಿನ ನಮ್ಮ ಹೊಲದಲ್ಲಿ. ಸಾಮಾಜಿಕ ಅರಣ್ಯದ ಕಾಲ ಅದು. 1983ರಲ್ಲಿ ತುಮಕೂರಿನ ಕಡೆ ರೈತಸಂಘದವರು ನೀಲಗಿರಿ ಸಸಿಗಳನ್ನು ಕಿತ್ತೆಸೆದರು. ಮರುವರ್ಷ ನಮ್ಮಪ್ಪ ರಾಗಿ ಹೊಲಕ್ಕೆ ಅದನ್ನೇ ನೆಟ್ಟರು. ನಿಜ ಹೇಳಬೇಕು, ನನ್ನ ಬಿ.ಎಡ್. ಶುಲ್ಕ ಕಟ್ಟಿದ್ದು ಆ ಮರ ಕಡಿದ ದುಡ್ಡೇ. ಹಾಗಾಗಿ ನನ್ನ ಮಾತಿಗೆ ಅರ್ಧ ನಾಚಿಕೆಯೂ ಸೇರಿದೆ.

ಆದರೆ ಆರೈಕೆ ಬೇಡದ ಮರಕ್ಕೆ ಕೂಲಿಯೂ ಬೇಡ. ರಾಗಿಗೆ ಕಳೆ ಕೀಳಲು, ಕೊಯ್ಯಲು, ತೆನೆ ಬಡಿಯಲು ಬರುತ್ತಿದ್ದ ಹೆಂಗಸರು ನಮ್ಮ ಮನೆ ಬಾಗಿಲಿಗೆ ಬರುವುದು ನಿಂತಿತು. ದನಕ್ಕೆ ಹುಲ್ಲಿಲ್ಲ, ಒಲೆಗೆ ಎಣ್ಣೆ ವಾಸನೆಯ ಎಲೆ. ನಮ್ಮ ಬಾವಿ ಬತ್ತಿತು. ಅದಕ್ಕೆ ಮಳೆಯೂ ಕಾರಣ, ಬೋರ್‌ವೆಲ್ಲೂ ಕಾರಣ, ಒಪ್ಪುತ್ತೇನೆ. ಆದರೂ ಒಣ ಸೀಮೆಯಲ್ಲಿ ಆಳಕ್ಕೆ ಬೇರಿಳಿಸಿ ವರ್ಷವಿಡೀ ನೀರೆಳೆಯುವ ಮರ ಬೇಕಿತ್ತೇ? ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದೆಂದದ್ದು 2017ರಲ್ಲಿ. ಅಷ್ಟರಲ್ಲಿ ಕೋಲಾರದ ಬೋರುಗಳು ಸಾವಿರ ಅಡಿ ದಾಟಿದ್ದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ.

ಈಗ ಕೋನೋಕಾರ್ಪಸ್ ಸರದಿ. ಸೋಮಾಲಿಯಾ, ಯೆಮನ್ ಕರಾವಳಿಯ ಗಿಡವಿದು. ಬಡಾವಣೆಗಳ ಬಾಗಿಲಲ್ಲಿ, ರಸ್ತೆ ನಡುವೆ ಕತ್ತರಿಸಿ ನಿಲ್ಲಿಸಿದ್ದನ್ನು ನೀವೂ ನೋಡಿರುತ್ತೀರಿ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡಬಾರದೆಂದಿತು: ಚಳಿಗಾಲದ ಹೂವಿನ ಪರಾಗದಿಂದ ನೆಗಡಿ, ಕೆಮ್ಮು, ಉಬ್ಬಸ, ಬೇರು ಹೋಗಿ ಚರಂಡಿಗೂ ನೀರಿನ ಕೊಳವೆಗೂ ತೊಂದರೆ. ನನ್ನ ತರಗತಿಯಲ್ಲೇ ಇನ್‌ಹೇಲರ್ ಜೇಬಿನಲ್ಲಿಟ್ಟುಕೊಂಡು ಬರುವ ಮಕ್ಕಳಿದ್ದಾರೆ. ಗೋಡೆ ಅಂದವಾಗಲೆಂದು ಅವರ ಉಸಿರು ಕಟ್ಟಿಸಲೇ?

ಹೊಂಗೆ ನೆಡಿ ಎಂದೆ. "ಅದು ಯಾವಾಗ ಬೆಳೆಯೋದು ಮೇಡಂ, ನೀವು ರಿಟೈರ್ ಆಗಿರ್ತೀರಿ" ಎಂದರು. ಆಗಲಿ. ಬೇಸಿಗೆಯ ಬಾಯಲ್ಲೇ ಚಿಗುರುವ ಮರ, ಬೀಜ ದೀಪದೆಣ್ಣೆಗೆ, ಸೊಪ್ಪು ಹೊಲಕ್ಕೆ. ನಮ್ಮಜ್ಜಿ ನೆಟ್ಟದ್ದರ ಕೆಳಗೆ ನಾನು ಓದಿಕೊಂಡೆ. ಅಜ್ಜಿ ಅದರ ನೆರಳಲ್ಲಿ ಕೂತದ್ದು ಕಡಿಮೆಯೇ.

ಮುಖ್ಯೋಪಾಧ್ಯಾಯರು ಇನ್ನೂ ತೀರ್ಮಾನ ಹೇಳಿಲ್ಲ. ನಾವು, ಏಳನೆಯ ತರಗತಿಯವರು, ನಲವತ್ತು ಹೊಂಗೆ ಬೀಜ ಹಾಲಿನ ಕವರಿಗೆ ಹಾಕಿ ನೀರು ಹಾಕುತ್ತಿದ್ದೇವೆ.